ಓದಿ ಸುಮ್ಮನಾದವರ ಲೆಕ್ಕ

ಹೋದ ತಿಂಗಳು ಬಂದ ಒಂದು ಫೋನ್ ಇನ್ನೂ ತಲೆಯಲ್ಲೇ ಕೂತಿದೆ. ನನಗೆ ಪಿಎಚ್‌ಡಿ ಮಾಡಿಸಿದ ಮೇಡಂ ರಿಟೈರ್ ಆಗಿ ಹತ್ತು ವರ್ಷದ ಮೇಲಾಯಿತು. ಅವರ ಹೆಸರನ್ನು ಒಂದು ಪ್ರಶಸ್ತಿಗೆ ಕಳಿಸೋಣ ಅಂತ ನಾವು ನಾಲ್ಕು ಜನ ಹಳೇ ಶಿಷ್ಯರು ಮಾತಾಡಿಕೊಂಡಿದ್ದೆವು. ಬೆಂಗಳೂರಲ್ಲಿ ಉಳಿದಿರೋದು ನಾನೊಬ್ಬನೇ, ಹಾಗಾಗಿ ಅರ್ಜಿ ತುಂಬುವ ಕೆಲಸ ನನ್ನ ಪಾಲಿಗೆ ಬಂತು. ಪೂರ್ತಿ ಕಳಿಸುವ ಮೊದಲು ಒಂದು ಮಾತು ಕೇಳೋಣ ಅಂತ ಆ ಕಡೆಯವರಿಗೆ ಚಿಕ್ಕದಾಗಿ ವಿವರ ಬರೆದಿದ್ದೆ. ಫೋನ್ ಮಾಡಿದವರು ಮರ್ಯಾದೆಯಿಂದಲೇ ಮಾತಾಡಿದರು. "ಎಚ್-ಇಂಡೆಕ್ಸ್ 17 ಅಂತ ಹಾಕಿದ್ದೀರಲ್ಲ ಸಾರ್, ಅದು ಸರಿ ಇದೆಯಾ? ಈಗ ಅಸಿಸ್ಟೆಂಟ್ ಪ್ರೊಫೆಸರ್‌ಗಳಿಗೇ ಅದಕ್ಕಿಂತ ಜಾಸ್ತಿ ಇರುತ್ತೆ. ಇನ್ನೊಂದ್ಸಲ ನೋಡಿಬಿಡಿ."

ನೋಡ್ತೀನಿ ಅಂದು ಫೋನ್ ಇಟ್ಟೆ. ಎಚ್-ಇಂಡೆಕ್ಸ್ ಅಂದರೆ ಒಬ್ಬರ ಸಂಶೋಧನಾ ಪೇಪರ್‌ಗಳನ್ನು ಬೇರೆಯವರು ತಮ್ಮ ಪೇಪರ್‌ಗಳಲ್ಲಿ ಎಷ್ಟು ಉಲ್ಲೇಖ ಮಾಡಿದ್ದಾರೆ ಅಂತ ಅಳೆಯುವ ನಂಬರ್. ಅವರ ಮೇಲೆ ನನಗೆ ಕೋಪ ಇಲ್ಲ. ಅವರ ಮುಂದೆ ನೂರಾರು ಅರ್ಜಿ ಇರುತ್ತವೆ, ಎಲ್ಲರ ಕೆಲಸ ಓದಿ ನೋಡುವಷ್ಟು ಸಮಯ ಯಾರಿಗಿದೆ. ಆದರೆ ಹೆಬ್ಬಾಳದ ಫ್ಲೈಓವರ್ ಮೇಲೆ ಗಾಡಿ ನಿಂತಾಗಲೆಲ್ಲ ಆ ಹದಿನೇಳು ನೆನಪಾಗುತ್ತಿತ್ತು. ಮೂವತ್ತನಾಲ್ಕು ವರ್ಷ ಒಬ್ಬರು ನಿದ್ದೆಯ ಬಗ್ಗೆ, ಮೆದುಳಿನ ಬಗ್ಗೆ ದುಡಿದಿದ್ದಾರೆ. ರಾತ್ರಿ ಎರಡು ಗಂಟೆಗೆ ಲ್ಯಾಬಿಗೆ ಬಂದು ಇಲಿಗಳ ಇಇಜಿ, ಅಂದರೆ ಮೆದುಳಿನ ವಿದ್ಯುತ್ ಅಲೆಗಳ ಗೆರೆಗಳನ್ನು ನೋಡಿದ್ದಾರೆ. ಆ ಯಂತ್ರದ ಪೆನ್ನುಗಳು ಕಾಗದದ ಮೇಲೆ ಚರಚರ ಅಂತ ಗೀಚುವ ಶಬ್ದದಲ್ಲೇ ಅವರ ಅರ್ಧ ಜೀವನ ಕಳೆದಿದೆ. ಅದೆಲ್ಲ ಸೇರಿ ಎರಡಂಕಿಯ ಒಂದು ನಂಬರ್ ಆಗಿ, ಅದೂ ಸಾಲದು ಅಂತ ಆಗಿಬಿಟ್ಟಿತು.

ಈ ನಂಬರ್ ಬಂದದ್ದು ಹೇಗೆ

ಎಚ್-ಇಂಡೆಕ್ಸ್ ತುಂಬ ಹಳೇದೇನಲ್ಲ. ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋದಲ್ಲಿರುವ ಹೋರ್ಹೆ ಹರ್ಶ್ ಅನ್ನುವ ಭೌತವಿಜ್ಞಾನಿ 2005ರಲ್ಲಿ ಇದನ್ನು ಮುಂದಿಟ್ಟರು. ಲೆಕ್ಕ ಸುಲಭ. ಒಬ್ಬರ ಪೇಪರ್‌ಗಳನ್ನೆಲ್ಲ ಸೈಟೇಶನ್ ಜಾಸ್ತಿ ಇರುವುದರಿಂದ ಕಮ್ಮಿ ಇರುವುದಕ್ಕೆ ಸಾಲಾಗಿ ಜೋಡಿಸಿ. ಬೇರೆಯವರ ಪೇಪರ್‌ನ ಕೊನೆಯ ಪಟ್ಟಿಯಲ್ಲಿ ನಿಮ್ಮ ಪೇಪರ್ ಹೆಸರು ಬಂದರೆ ಅದು ಒಂದು ಸೈಟೇಶನ್. ಮೇಲಿನಿಂದ ಎಣಿಸುತ್ತಾ ಬನ್ನಿ. ಹದಿನೇಳನೇ ಪೇಪರ್‌ಗೆ ಹದಿನೇಳಾದರೂ ಇದ್ದು, ಹದಿನೆಂಟನೆಯದಕ್ಕೆ ಹದಿನೆಂಟು ಇಲ್ಲ ಅಂದರೆ ನಿಮ್ಮ ಎಚ್ 17. ಒಂದು ಪೇಪರ್‌ಗೆ ಸಾವಿರ ಬಂದರೂ ಒಂದೇ ಮೆಟ್ಟಿಲು. ಈ ನಂಬರ್ ಏರುತ್ತದೆ, ಇಳಿಯುವುದಿಲ್ಲ. ಹೊಸಬರಿಗಿಂತ ಹಳಬರಿಗೆ, ಚಿಕ್ಕ ಲ್ಯಾಬಿಗಿಂತ ಇಪ್ಪತ್ತು ಜನರ ಲ್ಯಾಬಿಗೆ ಅನುಕೂಲ. ಇದರಿಂದ ಕೆಟ್ಟ ಪರಿಣಾಮಗಳೂ ಆಗಬಹುದು ಅಂತ 2020ರಲ್ಲಿ ಹರ್ಶ್ ಅವರೇ ಬರೆದರು. ಅಷ್ಟು ಹೊತ್ತಿಗೆ ಅದು ಪ್ರಪಂಚದ ಎಲ್ಲಾ ಅರ್ಜಿಗಳಲ್ಲೂ ಒಂದು ಖಾಲಿ ಜಾಗವಾಗಿ ಸೇರಿಹೋಗಿತ್ತು.

ಸೈಟೇಶನ್ ಎಣಿಸುವುದು ಅದಕ್ಕಿಂತ ಹಳೇದು. ಅಮೆರಿಕದ ಯೂಜೀನ್ ಗಾರ್ಫೀಲ್ಡ್ 1955ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಈ ಬಗ್ಗೆ ಬರೆದರು, 1964ರಲ್ಲಿ ಸೈನ್ಸ್ ಸೈಟೇಶನ್ ಇಂಡೆಕ್ಸ್ ತಂದರು. ಅವರಿಗೆ ಬೇಕಿದ್ದದ್ದು ಹುಡುಕುವ ದಾರಿ. ಒಂದು ಹಳೇ ಪೇಪರ್ ಹಿಡಿದುಕೊಂಡರೆ ಅದನ್ನು ಆಮೇಲೆ ಯಾರ್ಯಾರು ಬಳಸಿದರು, ಯಾರು ತಪ್ಪು ಅಂದರು ಅಂತ ಗೊತ್ತಾಗಬೇಕು. ಅಮೆರಿಕದ ವಕೀಲರು ಹಳೇ ತೀರ್ಪುಗಳನ್ನು ಹಾಗೆ ಹುಡುಕಲು ಬಳಸುತ್ತಿದ್ದ ಪುಸ್ತಕವೇ ಇದಕ್ಕೆ ಮಾದರಿ. ಆ ಕೆಲಸಕ್ಕೆ ಸೈಟೇಶನ್ ಅಷ್ಟು ಒಳ್ಳೆಯ ಸಾಧನ ಇನ್ನೊಂದಿಲ್ಲ. ನಾನೇ ದಿನಾ ಬಳಸುತ್ತೇನೆ. ಸುಮಾರು ಸಲ ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿರುವುದೇ ಆ ದಾರಿಯಲ್ಲಿ. ಹುಡುಕುವ ದಾರಿಯನ್ನು ತೂಕದ ಕಲ್ಲು ಮಾಡಿಕೊಂಡಿದ್ದು ಆಮೇಲಿನವರು.

ಇನಿಷಿಯಲ್‌ಗಳ ಕಥೆ

"ಇನ್ನೊಂದ್ಸಲ ನೋಡಿ" ಅಂದಿದ್ದರಲ್ಲ, ನೋಡಿದೆ. ಒಂದು ಭಾನುವಾರ ಲ್ಯಾಪ್‌ಟಾಪ್ ಹಿಡಿದುಕೊಂಡು ಮಲ್ಲೇಶ್ವರದ ಅವರ ಮನೆಗೇ ಹೋದೆ. ಡೈನಿಂಗ್ ಟೇಬಲ್ ಮೇಲೆ, ಪೇಪರ್‌ಗಳನ್ನೂ ಅವುಗಳ ಸೈಟೇಶನ್‌ಗಳನ್ನೂ ತೋರಿಸುವ ಗೂಗಲ್ ಸ್ಕಾಲರ್ ತೆಗೆದಿಟ್ಟುಕೊಂಡು ಇಬ್ಬರೂ ಕೂತೆವು. ಪಟ್ಟಿಯಲ್ಲಿ ಎರಡು ಪೇಪರ್ ಭತ್ತದ ಬೆಂಕಿ ರೋಗದ ಬಗ್ಗೆ ಇದ್ದವು. ಮೇಡಂ ಕನ್ನಡಕ ಏರಿಸಿಕೊಂಡು, "ಇದು ನಾನಲ್ಲಪ್ಪ, ತೆಗಿ" ಅಂದರು. ಅದೇ ಹೆಸರಿನ ಕೃಷಿ ವಿಜ್ಞಾನಿ ಇನ್ಯಾರೋ ಇದ್ದಾರೆ. ತೆಗೆದೆ. ಆಮೇಲೆ ಅವರು, "1984ಕ್ಕಿಂತ ಹಿಂದಿನದು ಒಂದೂ ಇಲ್ಲವಲ್ಲೋ" ಅಂದರು.

ಅಲ್ಲಿತ್ತು ವಿಷಯ. ಮದುವೆಗೆ ಮುಂಚೆ ಅವರ ಹೆಸರಿನ ಹಿಂದೆ ಊರಿನ ಅಕ್ಷರ ಒಂದು, ಅಪ್ಪನ ಅಕ್ಷರ ಒಂದು. ಮದುವೆಯಾದ ಮೇಲೆ ಅವೆರಡೂ ಹೋಗಿ ಗಂಡನ ಹೆಸರು ಬಂತು. ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಇದು ಮಾಮೂಲು, ಯಾರೂ ಇದನ್ನು ದೊಡ್ಡ ಬದಲಾವಣೆ ಅಂದುಕೊಳ್ಳುವುದಿಲ್ಲ. ಆದರೆ ಕಂಪ್ಯೂಟರ್‌ಗೆ ಅವರು ಇಬ್ಬರು ಬೇರೆ ಬೇರೆ ಮನುಷ್ಯರು. ಜೊತೆಗೆ ಒಂದು ಜರ್ನಲ್ ಇನಿಷಿಯಲ್ ಮುಂದೆ ಹಾಕುತ್ತದೆ, ಇನ್ನೊಂದು ಹಿಂದೆ ಹಾಕುತ್ತದೆ, ಮತ್ತೊಂದು ಅಪ್ಪನ ಹೆಸರನ್ನೇ ಮನೆತನದ ಹೆಸರು ಅಂದುಕೊಂಡು ಅಪ್ಪನ ಹೆಸರಲ್ಲೇ ಪೇಪರ್ ಪ್ರಕಟಿಸುತ್ತದೆ. ಮನೆತನದ ಹೆಸರು ಅನ್ನುವುದೇ ಇಲ್ಲದ ನಮ್ಮಂಥ ಎಷ್ಟು ಜನರ ಕೆಲಸ ಹೀಗೆ ಚೂರು ಚೂರಾಗಿ ಬಿದ್ದಿದೆಯೋ. ಹೆಸರು ಹೇಗೇ ಬದಲಾದರೂ ಒಬ್ಬ ಸಂಶೋಧಕರಿಗೆ ಒಂದೇ ನಂಬರ್ ಇರಲಿ ಅಂತ ಕೊಡುವ ಹದಿನಾರು ಅಂಕಿಯ ಆರ್ಕಿಡ್ (ORCID) ಐಡಿ ಶುರುವಾಗಿದ್ದೇ ಇದಕ್ಕೆ, 2012ರಲ್ಲಿ. ಆಗ ಮೇಡಂ ರಿಟೈರ್ ಆಗುವ ಹೊತ್ತು.

ಮಧ್ಯಾಹ್ನದವರೆಗೆ ಹುಡುಕಿದೆವು. ಏಳು ಪೇಪರ್ ಸಿಕ್ಕವು. ಅವುಗಳನ್ನು ಸೇರಿಸಿದ ಮೇಲೆ 17 ಇದ್ದದ್ದು 20 ಆಯಿತು. ಮೇಡಂ ಸ್ಕ್ರೀನ್ ನೋಡುತ್ತಾ ಸ್ವಲ್ಪ ಹೊತ್ತು ಸುಮ್ಮನೆ ಕೂತರು. "ಈ ಮೂರಕ್ಕೆ ನಾನು ಇವತ್ತು ಏನು ಮಾಡಿದೆ?" ಅಂದರು. ಅವರು ತಮಾಷೆಗೆ ಕೇಳಿದ್ದಲ್ಲ. ನನಗೆ ಉತ್ತರ ಹೊಳೆಯಲಿಲ್ಲ.

ಬೀರುವಿನಲ್ಲಿದ್ದ ಡಬ್ಬ

ಊಟ ಆದ ಮೇಲೆ ಕೇಳಿದೆ. ಇಷ್ಟರಲ್ಲಿ ನಿಮಗೆ ಇಷ್ಟದ್ದು ಯಾವುದು ಮೇಡಂ ಅಂತ. ಪಟ್ಟಿಯ ತುದಿಯಲ್ಲಿದ್ದದ್ದು ಒಂದು ರಿವ್ಯೂ, ನಾನೂರರ ಹತ್ತಿರ ಸೈಟೇಶನ್. ಬೇರೆಯವರ ಕೆಲಸವನ್ನೆಲ್ಲ ಒಟ್ಟುಮಾಡಿ ಬರೆದದ್ದು, ಯಾರೋ ಸಂಪಾದಕರು ಒತ್ತಾಯ ಮಾಡಿದರು ಅಂತ ಒಂದು ಬೇಸಿಗೆ ರಜೆಯಲ್ಲಿ ಮುಗಿಸಿದ್ದು. ಅವರು ಅದನ್ನು ನೋಡಲೂ ಇಲ್ಲ. ಬೆರಳಲ್ಲಿ ಸ್ಕ್ರೀನ್ ಕೆಳಗೆ ತಳ್ಳುತ್ತಾ ಹೋದರು. ಕೊನೆಯ ಕೊನೆಯಲ್ಲಿ ನಿಲ್ಲಿಸಿದರು. 1987ರ ಪೇಪರ್. ಒಂಬತ್ತು ಸೈಟೇಶನ್.

ಆ ಪೇಪರ್ ಕಥೆ ನಮಗೆಲ್ಲ ಅಲ್ಪಸ್ವಲ್ಪ ಗೊತ್ತಿತ್ತು, ಪೂರ್ತಿ ಕೇಳಿದ್ದು ಅವತ್ತೇ. ಒಂದು ಔಷಧಿ ಕೊಟ್ಟರೆ ಇಲಿಗಳಲ್ಲಿ ರೆಮ್ ನಿದ್ದೆ, ಅಂದರೆ ನಾವು ಕನಸಿನ ನಿದ್ದೆ ಅನ್ನುತ್ತೇವಲ್ಲ ಅದು, ಜಾಸ್ತಿಯಾಗುತ್ತದೆ ಅಂತ ಹೊರದೇಶದ ಒಂದು ಲ್ಯಾಬ್ ಬರೆದಿತ್ತು. ಮೇಡಂ ಅದರ ಮೇಲೆ ಮುಂದಿನ ಕೆಲಸ ಮಾಡೋಣ ಅಂತ ಹೊರಟರು. ಮೊದಲು ಅದೇ ಪ್ರಯೋಗ ಇಲ್ಲಿ ಮಾಡಿದರೆ ಕೆಲವು ದಿನ ಬರುತ್ತಿತ್ತು, ಕೆಲವು ದಿನ ಬರುತ್ತಿರಲಿಲ್ಲ. ಒಂದು ವರ್ಷ ತಲೆ ಕೆಡಿಸಿಕೊಂಡರು. ಕೊನೆಗೆ ಕಣ್ಣಿಗೆ ಬಿದ್ದದ್ದು ಕರೆಂಟು. ಏಪ್ರಿಲ್‌ನಲ್ಲಿ ಕರೆಂಟ್ ಹೋದ ದಿನ, ಏಸಿ ನಿಂತ ದಿನ, ಫಲಿತಾಂಶ ಚೆನ್ನಾಗಿ ಬರುತ್ತಿತ್ತು. ಇಲಿಗಳಿಗೆ ರೆಮ್ ನಿದ್ದೆ ಅತಿ ಹೆಚ್ಚು ಬರುವುದು ಕೋಣೆ ಸುಮಾರು 29 ಡಿಗ್ರಿ ಇರುವಾಗ, ಅದಕ್ಕಿಂತ ತಣ್ಣಗಾದರೆ ಮೊದಲು ಕಮ್ಮಿಯಾಗುವುದು ಅದೇ ನಿದ್ದೆ. ಅಷ್ಟು ಆಗಲೇ ಗೊತ್ತಿದ್ದ ಸಂಗತಿ. ಔಷಧಿ ಕೊಟ್ಟ ದಿನ, ಕೊಡದ ದಿನ ಎರಡರಲ್ಲೂ ಕೋಣೆ ಒಂದೇ ಬಿಸಿ ಇತ್ತಾ ಅಂತ ಮಾತ್ರ ಯಾರೂ ನೋಡಿರಲಿಲ್ಲ.

ಮುಂದಿನ ನಾಲ್ಕು ವರ್ಷ ಅದನ್ನೇ ನೋಡಿದರು. ಅನಿಮಲ್ ಹೌಸ್ ನೋಡಿಕೊಳ್ಳುತ್ತಿದ್ದ ಅಟೆಂಡರ್ ಒಬ್ಬರಿದ್ದರು, ಕನಕಪುರದ ಕಡೆಯವರು. ಎರಡು ಬೇಸಿಗೆ ಅವರು ಅಲ್ಲೇ ಚಾಪೆ ಹಾಸಿಕೊಂಡು ಮಲಗಿದ್ದಾರೆ. ಎರಡೆರಡು ಗಂಟೆಗೆ ಎದ್ದು, ಟಾರ್ಚ್ ಹಿಡಿದು, ಥರ್ಮಾಮೀಟರ್ ನೋಡಿ ರೂಲ್ಡ್ ನೋಟ್‌ಬುಕ್‌ನಲ್ಲಿ ಬರೆದಿದ್ದಾರೆ. ಆ ನೋಟ್‌ಬುಕ್ ಮೇಡಂ ಹತ್ತಿರ ಇನ್ನೂ ಇದೆ. ಕನ್ನಡ ಅಂಕಿಗಳಲ್ಲಿ ಬರೆದ ಸಾಲುಗಳು, ಒಂದೊಂದು ಕಡೆ "ಕರೆಂಟ್ ಇಲ್ಲ", ಒಂದು ಕಡೆ "ಮಳೆ ಬಂತು, ತಂಪು". ಕೋಣೆಯ ಬಿಸಿ ಒಂದೇ ಸಮ ಇಟ್ಟ ಮೇಲೆ ಔಷಧಿಯ ಪರಿಣಾಮ ಕಾಣಲಿಲ್ಲ. ಅಷ್ಟೇ ಪೇಪರ್. ಆಗಲಿಲ್ಲ ಅನ್ನುವ ಪೇಪರ್.

ಮೇಡಂ ಎದ್ದು ಹೋಗಿ ಬೀರುವಿನಿಂದ ಒಂದು ಬಿಸ್ಕೆಟ್ ಡಬ್ಬ ತಂದರು. ಒಳಗೆ ಕಾರ್ಡುಗಳು. ಈಗಿನ ಹುಡುಗರಿಗೆ ಇದು ಗೊತ್ತಿರಲಿಕ್ಕಿಲ್ಲ. ಆಗ ಜರ್ನಲ್ ಎಲ್ಲಾ ಲೈಬ್ರರಿಗಳಲ್ಲೂ ಸಿಗುತ್ತಿರಲಿಲ್ಲ. ಗಾರ್ಫೀಲ್ಡ್ ಅವರ ಸಂಸ್ಥೆಯೇ ವಾರ ವಾರ ತರುತ್ತಿದ್ದ ಕರೆಂಟ್ ಕಂಟೆಂಟ್ಸ್‌ನಲ್ಲಿ ಪೇಪರ್‌ಗಳ ತಲೆಬರಹ, ಬರೆದವರ ವಿಳಾಸ ಇರುತ್ತಿದ್ದವು. ಅದನ್ನು ನೋಡಿ ಜನ ಒಂದು ಅಚ್ಚು ಹಾಕಿಸಿದ ಕಾರ್ಡ್ ಕಳಿಸುತ್ತಿದ್ದರು, "ನಿಮ್ಮ ಈ ಪೇಪರ್‌ನ ಒಂದು ಪ್ರತಿ ದಯವಿಟ್ಟು ಕಳಿಸಿಕೊಡಿ" ಅಂತ, ನಡುವೆ ಖಾಲಿ ಜಾಗದಲ್ಲಿ ಹೆಸರು ತುಂಬಿ. ಅವತ್ತು ಟೇಬಲ್ ಮೇಲೆ ಹರಡಿ ಎಣಿಸಿದೆ. ಈ ಒಂದು ಪೇಪರ್‌ಗೇ ನಲವತ್ತಮೂರು. ಪೋಲೆಂಡ್, ಕ್ಯೂಬಾ, ಪೂರ್ವ ಜರ್ಮನಿ, ಬ್ರೆಜಿಲ್, ಸೋವಿಯತ್ ರಷ್ಯಾದ ಸ್ಟಾಂಪ್‌ಗಳು. ಕೆಲವು ಕಡೆ ಸ್ಟಾಂಪ್ ಇರಬೇಕಾದಲ್ಲಿ ಚೌಕದ ಕಲೆ ಮಾತ್ರ. ಅವರ ಮಗ ಚಿಕ್ಕವನಿದ್ದಾಗ ಕಿತ್ತುಕೊಂಡಿದ್ದಾನೆ. ಅಷ್ಟಕ್ಕೂ ಪ್ರತಿ ಕಳಿಸಿದ್ದಾರೆ, ಜಿಪಿಒಗೆ ಹೋಗಿ, ಸ್ವಂತ ದುಡ್ಡಲ್ಲಿ.

ಕಾರ್ಡುಗಳ ಅಡಿಯಲ್ಲಿ ಒಂದು ಕಾಗದ ಇತ್ತು. ಪ್ರಾಗ್‌ನಿಂದ ಬಂದದ್ದು, ಟೈಪ್‌ರೈಟರ್‌ನಲ್ಲಿ ಹೊಡೆದದ್ದು, ಐದಾರು ಸಾಲು. ನಾವೂ ಇದೇ ಔಷಧಿ ಮೇಲೆ ಎಂಟು ತಿಂಗಳಿಂದ ಕೆಲಸ ಮಾಡುತ್ತಿದ್ದೆವು, ನಿಮ್ಮ ಪೇಪರ್ ಓದಿ ನಮ್ಮ ಕೋಣೆಯ ಉಷ್ಣತೆ ಅಳೆದೆವು, ಕೆಲಸ ನಿಲ್ಲಿಸಿದೆವು, ನಿಮಗೆ ಋಣಿ. ಇಷ್ಟೇ.

ನಾನು ಆ ಕಾಗದವನ್ನು ಮೂರು ಸಲ ಓದಿದೆ. ಕೆಲಸ ನಿಲ್ಲಿಸಿದವರು ಅದರ ಬಗ್ಗೆ ಪೇಪರ್ ಬರೆಯುವುದಿಲ್ಲ, ಅಲ್ವಾ? ಪೇಪರ್ ಬರೆಯದಿದ್ದರೆ ಸೈಟೇಶನ್ ಎಲ್ಲಿಂದ ಬರಬೇಕು. ಮೇಡಂ ಪೇಪರ್ ಎಷ್ಟು ಚೆನ್ನಾಗಿ ತನ್ನ ಕೆಲಸ ಮಾಡಿತೋ ಅಷ್ಟು ಮಟ್ಟಿಗೆ ಆ ವಿಷಯವೇ ಮುಗಿದುಹೋಯಿತು, ಅದನ್ನು ಉಲ್ಲೇಖ ಮಾಡುವವರೂ ಇಲ್ಲವಾದರು. ತಪ್ಪು ದಾರಿ ಮುಚ್ಚಿದವರಿಗೆ ಒಂಬತ್ತು. ಆ ದಾರಿ ತೆರೆದ ಮೊದಲ ಪೇಪರ್‌ಗೆ ಎಷ್ಟು ಅಂತ ಆಮೇಲೆ ನೋಡಿದೆ, ಇನ್ನೂರರ ಮೇಲೆ.

ಇದೇ ಮಾತನ್ನು ದೊಡ್ಡ ಮಟ್ಟದಲ್ಲಿ ನೋಡಬೇಕೆಂದರೆ ಆಲ್ಜೈಮರ್ ಕಾಯಿಲೆಯ ಒಂದು ಪೇಪರ್ ಇದೆ. 2006ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂತು. ಮೆದುಳಿನಲ್ಲಿ ಸೇರುವ ಒಂದು ವಿಶೇಷ ಬಗೆಯ ಪ್ರೋಟೀನ್ ಗುಂಪಿನಿಂದಲೇ ಇಲಿಗಳ ನೆನಪು ಕೆಡುತ್ತದೆ ಅಂತ ಅದು ಹೇಳಿತು. ಎರಡು ಸಾವಿರಕ್ಕೂ ಹೆಚ್ಚು ಸೈಟೇಶನ್ ಬಂದವು. ಅದರ ಚಿತ್ರಗಳನ್ನು ತಿದ್ದಿದಂತಿದೆ ಅಂತ 2022ರಲ್ಲಿ ಸೈನ್ಸ್ ಪತ್ರಿಕೆಯ ವರದಿ ಹೇಳಿತು, 2024ರಲ್ಲಿ ಪೇಪರ್ ವಾಪಸ್ ಆಯಿತು. ಹದಿನೆಂಟು ವರ್ಷ. ಆ ಎರಡು ಸಾವಿರ ಜನರಲ್ಲಿ ಎಷ್ಟೋ ಮಂದಿ ಅದನ್ನು ತಮ್ಮ ಲ್ಯಾಬಲ್ಲಿ ಮಾಡಿ ನೋಡಿ, ಬರದೆ, ನಮ್ಮದೇ ಏನೋ ತಪ್ಪಿರಬೇಕು ಅಂತ ಸುಮ್ಮನಾಗಿರಬಹುದು ಅಂತ ಯೋಚಿಸಿದರೆ ಹೊಟ್ಟೆ ಉರಿಯುತ್ತದೆ. ಆಗಲಿಲ್ಲ ಅನ್ನುವ ಪೇಪರ್‌ಗೆ ಮರ್ಯಾದೆ ಇದ್ದಿದ್ದರೆ ಯಾರಾದರೂ ಮೊದಲೇ ಬರೆಯುತ್ತಿದ್ದರು.

ಉಗುರು ಬೆಚ್ಚಗೆ

ಅವತ್ತು ಮನೆಗೆ ವಾಪಸ್ ಬರುವಾಗ ನನಗೆ ನೆನಪಾದದ್ದು ಮಾತ್ರ ಬೇರೆಯೇ. ನಾನು ನರವಿಜ್ಞಾನಕ್ಕೆ ಬಂದದ್ದು ಯಾಕೆ ಅಂತ ಯಾರಾದರೂ ಕೇಳಿದರೆ ಏನೋ ಒಂದು ಹೇಳುತ್ತೇನೆ. ನಿಜವಾದ ಕಾರಣ ದೊಡ್ಡಮ್ಮನ ಮನೆಯ ಬಚ್ಚಲು.

ಮಳವಳ್ಳಿ ಹತ್ತಿರದ ಊರು. 1993, ನಾನು ಏಳನೇ ಕ್ಲಾಸು, ಬೇಸಿಗೆ ರಜೆ. ದೊಡ್ಡಮ್ಮನ ಮಗಳು, ನಮಗೆಲ್ಲ ಅಕ್ಕ, ಆಗ ಪಿಯುಸಿ ಓದುತ್ತಿದ್ದಳು. ಶನಿವಾರ ಎಣ್ಣೆ ನೀರು. ಹಂಡೆಯಲ್ಲಿ ನೀರು ಕುದಿಯುತ್ತಿತ್ತು, ಸೌದೆ ಹೊಗೆ ಹಿತ್ತಲ ತುಂಬ. ಒಳಗಿಂದ ಚೊಂಬಿನಲ್ಲಿ ನೀರು ಸುರಿದುಕೊಳ್ಳುವ ಶಬ್ದ ಬರುತ್ತಿತ್ತು. ಮೊದಲು ನಿಧಾನ, ಆಮೇಲೆ ಜೋರು, ಆಮೇಲೆ ಒಂದರ ಹಿಂದೆ ಒಂದು, ಉಸಿರು ಬಿಡಲೂ ಬಿಡುವಿಲ್ಲದ ಹಾಗೆ. ಆಮೇಲೆ ಚೊಂಬು ಕಲ್ಲಿನ ಮೇಲೆ ಬಿದ್ದ ಸದ್ದು. ದೊಡ್ಡಮ್ಮ ಓಡಿದರು. ಕೈಗೆ ಬೀಗದ ಕೈ ಕೊಡಿ ಅಂತ ಯಾರೋ ಕೂಗಿದರು. ಅವಳಿಗೆ ಅದು ನಾಲ್ಕನೇ ಸಲವಂತೆ, ನಮಗೆ ಹೇಳಿರಲಿಲ್ಲ. ಪ್ರತಿ ಸಲವೂ ಬಚ್ಚಲಲ್ಲೇ ಆಗಿದ್ದರಿಂದ ಬಚ್ಚಲಿಗೇ ಏನೋ ಆಗಿದೆ ಅಂತ ಶಾಂತಿ ಮಾಡಿಸಿದ್ದರು. ಒಂದು ಸಂಬಂಧವೂ ತಪ್ಪಿಹೋಗಿತ್ತು.

ಮಾರನೇ ವಾರ ಮೈಸೂರಿಗೆ ಕರೆದುಕೊಂಡು ಹೋದರು, ನಾನೂ ಜೊತೆಗಿದ್ದೆ. ಚಿಕ್ಕ ಕ್ಲಿನಿಕ್, ವಯಸ್ಸಾದ ಡಾಕ್ಟರು. ದೊಡ್ಡಮ್ಮ ಅಳುತ್ತಾ ಶುರುಮಾಡಿದರು. ಡಾಕ್ಟರು ಅರ್ಧಕ್ಕೇ ಅಕ್ಕನ ಕಡೆ ತಿರುಗಿ, "ತಲೆಗೆ ನೀರು ಹಾಕ್ಕೊಳ್ಳೋವಾಗ ತಾನೇ ಆಗೋದು? ಎಷ್ಟು ಬಿಸಿ ಹಾಕ್ಕೊಳ್ತೀಯಮ್ಮ?" ಅಂದರು. ಅಕ್ಕ ತಲೆ ಎತ್ತಿ ಅವರನ್ನು ನೋಡಿದ ರೀತಿ ನನಗೆ ಈಗಲೂ ಕಣ್ಣ ಮುಂದಿದೆ. ಇದು ಬಿಸಿನೀರಿಂದ ಬರುವ ಫಿಟ್ಸು, ನಮ್ಮ ಕಡೆ ಇದು ಇದೆ, ದೆವ್ವ ಗಿವ್ವ ಏನೂ ಇಲ್ಲ ಅಂದರು. ಉಗುರು ಬೆಚ್ಚಗಿನ ನೀರು ಹಾಕಿಕೋ, ಬಾಗಿಲಿಗೆ ಚಿಲಕ ಹಾಕಬೇಡ, ತಲೆಗೆ ನೀರು ಹಾಕಿಕೊಳ್ಳುವ ದಿನ ಎರಡು ಗಂಟೆ ಮುಂಚೆ ಈ ಮಾತ್ರೆ ತಗೋ. ಹತ್ತು ನಿಮಿಷದಲ್ಲಿ ಹೊರಗೆ ಬಂದೆವು. ಆಮೇಲೆ ಅವಳಿಗೆ ಎರಡೇ ಸಲ ಬಂತು, ಎರಡೂ ಸಲ ಅವಳೇ ಮರೆತು ಬಿಸಿ ಜಾಸ್ತಿ ಮಾಡಿಕೊಂಡಿದ್ದಳು.

ಆ ಡಾಕ್ಟರಿಗೆ ಆ ಪ್ರಶ್ನೆ ಎಲ್ಲಿಂದ ಬಂತು ಅಂತ ಗೊತ್ತಾಗಿದ್ದು ಹನ್ನೆರಡು ವರ್ಷದ ಮೇಲೆ, ಲೈಬ್ರರಿಯಲ್ಲಿ. ಬೆಂಗಳೂರಿನ ನರತಜ್ಞ ಡಾ. ಕೆ.ಎಸ್. ಮಣಿ ಮತ್ತು ಜೊತೆಯವರು ಈ ಕಾಯಿಲೆ ಬಗ್ಗೆ 1968ರಲ್ಲೇ ನ್ಯೂರಾಲಜಿ ಇಂಡಿಯಾ ಜರ್ನಲ್‌ನಲ್ಲಿ ಬರೆದಿದ್ದರು. ಮೂರೋ ನಾಲ್ಕೋ ಪುಟದ ಚಿಕ್ಕ ವರದಿ. 1988ರಲ್ಲಿ ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಮತ್ತು ತಂಡ 279 ಜನ ರೋಗಿಗಳ ವಿವರ ಪ್ರಕಟಿಸಿತು. ನಲವತ್ತರಿಂದ ಐವತ್ತು ಡಿಗ್ರಿ ಬಿಸಿಯ ನೀರನ್ನು ಚೊಂಬಿನಿಂದ ತಲೆಗೆ ಸುರಿದುಕೊಳ್ಳುವ ಅಭ್ಯಾಸ, ಸುರಿದುಕೊಳ್ಳುತ್ತಾ ಕೆಲವರಿಗೆ ನಿಲ್ಲಿಸಲಾಗದೆ ಹೋಗುವುದು, ಎಲ್ಲಾ ಬರೆದಿದ್ದರು. ಅಕ್ಕನನ್ನು ನೋಡಿಯೇ ಬರೆದ ಹಾಗಿತ್ತು. ಓದುತ್ತಾ ನನ್ನ ಕಣ್ಣು ತುಂಬಿತು.

ಈ ಪೇಪರ್‌ಗಳಿಗೂ ಸೈಟೇಶನ್ ಇವೆ. ಆದರೆ ಈ ಕಾಯಿಲೆ ಜಾಸ್ತಿ ಇರುವುದೇ ನಮ್ಮ ದಕ್ಷಿಣ ಕರ್ನಾಟಕದಂಥ ಒಂದೆರಡು ಕಡೆ. ಬೋಸ್ಟನ್‌ನಲ್ಲೋ ಲಂಡನ್‌ನಲ್ಲೋ ಇದರ ಮೇಲೆ ನೂರು ಲ್ಯಾಬ್ ಕೆಲಸ ಮಾಡುವುದಿಲ್ಲ. ಹಾಗಾಗಿ ಎಣಿಕೆ ಒಂದು ಮಟ್ಟಕ್ಕೆ ನಿಲ್ಲುತ್ತದೆ. ಇನ್ನೊಂದು ಕಡೆ, ಪ್ರಪಂಚದಲ್ಲೇ ಅತಿ ಹೆಚ್ಚು ಸೈಟೇಶನ್ ಪಡೆದ ಪೇಪರ್ ಆಲಿವರ್ ಲೌರಿ 1951ರಲ್ಲಿ ಬರೆದದ್ದು. ದ್ರಾವಣದಲ್ಲಿ ಪ್ರೋಟೀನ್ ಎಷ್ಟಿದೆ ಅಂತ ಅಳೆಯುವ ವಿಧಾನ, ಮೂರು ಲಕ್ಷಕ್ಕೂ ಜಾಸ್ತಿ. ಉಪಯೋಗದ ಪೇಪರ್, ನಾನೂ ಬಳಸಿದ್ದೇನೆ. ಅದು ಅಂಥ ಮಹಾ ಪೇಪರ್ ಏನಲ್ಲ ಅಂತ ಲೌರಿ ಅವರೇ ಹೇಳಿದ್ದರು. ಅಷ್ಟು ಜನ ಪೇಪರ್ ಬರೆಯುವವರ ಕೈಗೆ ಅದು ಬೇಕಾಯಿತು, ಬರೆದರು, ಎಣಿಕೆ ಬೆಳೆಯಿತು. ಮೈಸೂರಿನ ಆ ಡಾಕ್ಟರು ಬದುಕಿನಲ್ಲಿ ಒಂದು ಪೇಪರ್ ಬರೆದವರಲ್ಲ. ಓದಿದರು, ನೆನಪಿಟ್ಟುಕೊಂಡರು, ಬಂದವರನ್ನು ಸರಿಯಾದ ಪ್ರಶ್ನೆ ಕೇಳಿದರು. ನಮ್ಮ ಲೆಕ್ಕದಲ್ಲಿ ಆ ಓದು ನಡೆದೇ ಇಲ್ಲ. ಪ್ರಾಗ್‌ನವರ ಓದೂ ನಡೆದಿಲ್ಲ. ನನಗೆ ಈ ಒಂದು ತಿಂಗಳಿಂದ ಕಾಡುತ್ತಿರುವುದು ಇಷ್ಟೇ. ಬರೆಯುವವರು ಬರೆಯುವವರನ್ನು ಎಣಿಸುತ್ತಿದ್ದೇವೆ. ಓದಿ ಕೆಲಸ ನಿಲ್ಲಿಸಿದವರು, ಓದಿ ಔಷಧಿ ಬದಲಾಯಿಸಿದವರು, ಓದಿ ನೀರಿನ ಬಿಸಿ ಕಮ್ಮಿ ಮಾಡಿ ಅಂದವರು ಎಷ್ಟು ಜನ ಅಂತ ಕೇಳುವ ಖಾನೆ ಯಾವ ಅರ್ಜಿಯಲ್ಲೂ ಇಲ್ಲ.

ಕೊನೆಯ ಖಾನೆ

ಜರ್ನಲ್‌ನ ನಂಬರ್, ಅಂದರೆ ಅದರ ಪೇಪರ್‌ಗಳಿಗೆ ಸರಾಸರಿ ಎಷ್ಟು ಸೈಟೇಶನ್ ಅನ್ನುವ ಲೆಕ್ಕ, ನೋಡಿ ಮನುಷ್ಯರನ್ನು ಅಳೆಯಬೇಡಿ, ಕೆಲಸ ಓದಿ ನೋಡಿ ಅಂತ ಹೇಳುವ ಸ್ಯಾನ್ ಫ್ರಾನ್ಸಿಸ್ಕೋ ಘೋಷಣೆ 2013ರಿಂದ ಇದೆ. ಸಾವಿರಾರು ಸಂಸ್ಥೆಗಳು ಸಹಿ ಹಾಕಿವೆ. ನಾನೂ ಹಾಕಿದ್ದೇನೆ. ಹಾಕಿದ ಮೇಲೂ ಹೋದ ವರ್ಷ ನಮ್ಮಲ್ಲಿ ಕೆಲಸಕ್ಕೆ ಬಂದ ಎಂಬತ್ತು ಅರ್ಜಿಗಳನ್ನು ಮೊದಲ ಸುತ್ತಲ್ಲಿ ಇಪ್ಪತ್ತಕ್ಕೆ ಇಳಿಸುವಾಗ ನಾನು ನೋಡಿದ್ದು ಇಂಥ ನಂಬರ್‌ಗಳನ್ನೇ. ಆ ಅರವತ್ತರಲ್ಲಿ ಥರ್ಮಾಮೀಟರ್ ನೋಡಿದವರು ಯಾರಾದರೂ ಇದ್ದರಾ ಅಂತ ಈಗ ಯೋಚನೆ ಆಗುತ್ತದೆ. ಮುಂದಿನ ಸಲ ಪ್ರತಿ ಅರ್ಜಿಗೂ ಒಂದು ಪೇಪರ್ ಆದರೂ ಪೂರ್ತಿ ಓದಬೇಕು ಅಂತ ಕಮಿಟಿಯಲ್ಲಿ ಹೇಳಿದ್ದೇನೆ. ಹಂಚಿಕೊಂಡರೆ ಒಬ್ಬೊಬ್ಬರಿಗೆ ನಾಲ್ಕು ಸಂಜೆ ಬೇಕಾಗುತ್ತದೆ, ಲೆಕ್ಕ ಹಾಕಿದ್ದೇನೆ.

ಮೇಡಂ ಅರ್ಜಿಯಲ್ಲಿ ಎಚ್-ಇಂಡೆಕ್ಸ್ 20 ಅಂತ ತುಂಬಿದೆ. ಕೆಳಗೆ "ಇತರೆ ಮಾಹಿತಿ" ಅಂತ ಐದು ನೂರು ಅಕ್ಷರದ ಒಂದು ಖಾನೆ ಇತ್ತು. ಅಲ್ಲಿ 1987ರ ಪೇಪರ್ ಬಗ್ಗೆ, ನಲವತ್ತಮೂರು ಕಾರ್ಡ್‌ಗಳ ಬಗ್ಗೆ, ಪ್ರಾಗ್‌ನ ಕಾಗದದ ಬಗ್ಗೆ, ಎರಡು ಬೇಸಿಗೆ ರಾತ್ರಿಯೆಲ್ಲ ಬಿಸಿ ಅಳೆದು ಬರೆದ ಅಟೆಂಡರ್ ಬಗ್ಗೆ ಬರೆದೆ. ಕತ್ತರಿಸಿ ಕತ್ತರಿಸಿ ನಾನೂರ ತೊಂಬತ್ತೆರಡಕ್ಕೆ ತಂದೆ. ಕಳಿಸುವ ಮೊದಲು ಮೇಡಂಗೆ ವಾಟ್ಸಾಪ್ ಮಾಡಿದೆ. ಐದು ನಿಮಿಷಕ್ಕೆ ಫೋನ್ ಬಂತು.

"ಎಲ್ಲಾ ಸರಿ ಇದೆ. ಅಟೆಂಡರ್ ಹೆಸರಿಗೆ ಎರಡು ಇನಿಷಿಯಲ್ ಕಣೋ, ನೀನು ಒಂದು ಬಿಟ್ಟಿದ್ದೀಯ. ಹಾಕು, ಜಾಗ ಇದೆಯಲ್ಲ."

ಜಾಗ ಇತ್ತು. ಹಾಕಿದೆ.